ಗೆಲ್ಲುವವನ ಹೆಸರು ಎಲ್ಲರೂ ಬರೆಯುತ್ತಾರೆ, ಏಳನೆಯವನು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮೋಟೋಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನವೇ ಜಾಸ್ತಿ. ಜರ್ಮನಿಯ ಸಾಕ್ಸೆನ್‌ರಿಂಗ್ ರೇಸ್ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಗಣಿತ ಹೇಳಿಕೊಡುತ್ತಿದ್ದವಳಿಗೆ ಬೈಕ್ ರೇಸಿನ ಉಸಾಬರಿ ಯಾಕೆ ಎಂದು ಕೇಳುವವರಿಗೆ ಒಂದೇ ಮಾತು: ಲ್ಯಾಪ್ ಟೈಮ್‌ಗಳ (ಟ್ರ್ಯಾಕಿನ ಒಂದೊಂದು ಸುತ್ತಿಗೆ ಹಿಡಿದ ಸಮಯದ) ಪಟ್ಟಿಯನ್ನು ಓದುವಷ್ಟು ಖುಷಿಯಿಂದ ನಾನು ಬೇರೇನನ್ನೂ ಓದುವುದಿಲ್ಲ.

ಪ್ರಶ್ನೆ: ಮೇಡಂ, ನಾವು ಆರು ಜನ ಗೆಳೆಯರು ಪ್ರತಿ ರೇಸಿಗೂ ಮುಂಚೆ 22 ಸವಾರರ ಕ್ರಮವನ್ನು ಬರೆದಿಡುತ್ತೇವೆ. ಸ್ಥಾನ ಸರಿಯಾಗಿ ಹೊಂದಿದರೆ ಒಂದು ಅಂಕ. ಎಲ್ಲರಿಗಿಂತ ಜಾಸ್ತಿ ರೇಸ್ ನೋಡುವವನು ನಾನು. ಆದರೆ ಸುಮ್ನೆ ಹೆಸರು ಗೀಚುವವನು ನನಗಿಂತ ಜಾಸ್ತಿ ಸಲ ಗೆಲ್ಲುತ್ತಾನೆ. ಹೀಗೇಕೆ?

ನಿಮ್ಮ ತಿಳಿವಳಿಕೆಯಲ್ಲಿ ದೋಷವಿಲ್ಲ. ಅಂಕ ಕೊಡುವ ಕ್ರಮವೇ ಸರಿಯಿಲ್ಲ.

22 ಹೆಸರುಗಳನ್ನು ಚೀಟಿ ಎತ್ತಿ ಬರೆದರೂ ಸರಾಸರಿ ಒಂದು ಹೆಸರು ತನ್ನ ಜಾಗದಲ್ಲೇ ಬಂದು ಕೂರುತ್ತದೆ. 22 ಇರಲಿ, 200 ಇರಲಿ, ಆ ಸರಾಸರಿ ಒಂದೇ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬುತ್ತಿರಲಿಲ್ಲ, ಚೀಟಿ ಮಾಡಿಸಿಯೇ ತೋರಿಸಬೇಕಾಗುತ್ತಿತ್ತು. ನಿಮ್ಮ ಗೀಚುವ ಗೆಳೆಯನಿಗೆ ಸಿಗುತ್ತಿರುವುದು ಈ ಪುಕ್ಕಟೆ ಅಂಕ. ನಿಮ್ಮ ಕಷ್ಟವೇ ಬೇರೆ. 2024ರ ಸಾಕ್ಸೆನ್‌ರಿಂಗ್ ನೆನಪಿದೆಯಾ? ಮುಂದಿದ್ದ ಹೋರ್ಹೆ ಮಾರ್ಟಿನ್ ಕೊನೆಯ ಲ್ಯಾಪಿಗೆ ಮುಂಚಿನ ಲ್ಯಾಪಿನಲ್ಲಿ, ಮೊದಲ ತಿರುವಿನಲ್ಲಿ ಬಿದ್ದ. ಬನ್ಯಾಯ ಗೆದ್ದ. ಈಗ ಒಬ್ಬರು ಮಾರ್ಟಿನ್‌ನನ್ನು ಮೊದಲು ಬರೆದು, ಉಳಿದ 21 ಜನರ ಕ್ರಮವನ್ನೂ ಕರಾರುವಾಕ್ಕಾಗಿ ಹೇಳಿದ್ದರು ಎಂದುಕೊಳ್ಳಿ. ಅವನು ಬಿದ್ದ ಕೂಡಲೇ ಹಿಂದಿನವರೆಲ್ಲ ಒಂದೊಂದು ಸ್ಥಾನ ಮೇಲೆ ಬರುತ್ತಾರೆ. ನಿಮ್ಮ ನಿಯಮದ ಪ್ರಕಾರ ಆ ಜಾಣರಿಗೆ ಸಿಗುವ ಅಂಕ ಸೊನ್ನೆ!

ಅದರ ಬದಲು ವ್ಯತ್ಯಾಸ ಎಣಿಸಿ. ನೀವು ಐದನೆಯವನೆಂದು ಬರೆದವನು ಎಂಟನೆಯವನಾಗಿ ಬಂದರೆ ಮೂರು. ಬಿದ್ದವರನ್ನು ಪಟ್ಟಿಯ ಕೊನೆಗೆ ಹಾಕಿ. ಎಲ್ಲವನ್ನೂ ಕೂಡಿ. ಕಡಿಮೆ ಬಂದವರು ಗೆದ್ದರು. ಮೇಲಿನ ಜಾಣರಿಗೆ ಈಗ ಬರುವುದು 42: ಮಾರ್ಟಿನ್‌ನಿಂದ 21, ಉಳಿದವರಿಂದ ಒಂದೊಂದರಂತೆ ಇನ್ನೊಂದು 21. ಚೀಟಿ ಎತ್ತಿದವರಿಗೆ ಸರಾಸರಿ 161 ಬರುತ್ತದೆ. ಪಟ್ಟಿಯನ್ನು ಪೂರ್ತಿ ತಲೆಕೆಳಗಾಗಿ ಬರೆದವರಿಗೆ 242. ಈ ಅಳತೆಯಲ್ಲಿ ರೇಸ್ ಬಲ್ಲವರು ಯಾರು, ಗೀಚುವವರು ಯಾರು ಎಂಬುದು ನಾಲ್ಕಾರು ರೇಸಿನಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಆರು ಜನರ ಜೊತೆಗೆ ಏಳನೆಯ ಆಟಗಾರನಾಗಿ ಗ್ರಿಡ್ ಅನ್ನೇ, ಅಂದರೆ ರೇಸ್ ಹೊರಡುವಾಗ ಸವಾರರು ನಿಲ್ಲುವ ಸಾಲನ್ನೇ ಸೇರಿಸಿಕೊಳ್ಳಿ. ಭಾನುವಾರ ಯಾವ ಕ್ರಮದಲ್ಲಿ ನಿಲ್ಲುತ್ತಾರೋ ಅದೇ ಕ್ರಮದಲ್ಲಿ ಮುಗಿಸುತ್ತಾರೆ ಎಂದು ಬರೆದಿಡುವ ಒಬ್ಬ ಸೋಮಾರಿ ಅವನು. ಅವನನ್ನು ಸೋಲಿಸಲು ಆಗದಿದ್ದರೆ ನಮ್ಮ ಪಾಂಡಿತ್ಯಕ್ಕೆ ಏನು ಬೆಲೆ ಅಲ್ವಾ?

ವೇಗವಾಗಿ ಓಡಿಸಿದರೂ ಆಗಾಗ ಬೀಳುವ ಸವಾರನನ್ನು ಎಲ್ಲಿ ಬರೆಯಬೇಕು ಎಂದೂ ಕೇಳಿದ್ದೀರಿ. ನಿಜಕ್ಕೂ ಒಳ್ಳೆಯ ಪ್ರಶ್ನೆ. ಹತ್ತರಲ್ಲಿ ಏಳು ಸಲ ಎರಡನೆಯವನಾಗುತ್ತಾನೆ, ಮೂರು ಸಲ ಬಿದ್ದು ಇಪ್ಪತ್ತನೆಯವನಾಗುತ್ತಾನೆ ಎಂದಿಟ್ಟುಕೊಳ್ಳಿ. ಅವನ ಸರಾಸರಿ ಸ್ಥಾನ 7.4. ಹಾಗೆಂದು ಏಳನೆಯವನೆಂದು ಬರೆದರೆ ನಷ್ಟ, ಏಕೆಂದರೆ ಅವನು ಏಳನೆಯವನಾಗಿ ಬರುವುದೇ ಇಲ್ಲ! ವ್ಯತ್ಯಾಸದ ಲೆಕ್ಕದಲ್ಲಿ ಏಳಕ್ಕೆ ಬರೆದರೆ ಸರಾಸರಿ ದಂಡ 7.4, ಎರಡಕ್ಕೆ ಬರೆದರೆ 5.4. ಆದ್ದರಿಂದ ಎರಡಕ್ಕೇ ಬರೆಯಿರಿ. ಬಿದ್ದರೆ ಬೀಳಲಿ. ಆದರೆ ನಿಮ್ಮಲ್ಲಿ ಯಾರಾದರೂ ವ್ಯತ್ಯಾಸದ ವರ್ಗ ತೆಗೆದು ಕೂಡುವ ನಿಯಮ ತಂದರೆ ಆಗ ಏಳೇ ಸರಿ. ಸವಾರ ಅವನೇ, ರೇಸ್ ಅದೇ, ಆದರೂ ಬರೆಯಬೇಕಾದ ಜಾಗ ಬೇರೆ. ಮೊದಲು ಅಂಕದ ನಿಯಮ ಓದಿ, ಆಮೇಲೆ ಪೆನ್ನು ಹಿಡಿಯಿರಿ.

ಪ್ರಶ್ನೆ: ಸಾಕ್ಸೆನ್‌ರಿಂಗ್ ಎಂದರೆ ಮಾರ್ಕ್ ಮಾರ್ಕೆಜ್. ಕಣ್ಣು ಮುಚ್ಚಿ ಅವನ ಹೆಸರನ್ನೇ ಮೊದಲು ಬರೆಯಬಹುದಾ?

ಅವನು ರೇಸಿನಲ್ಲಿದ್ದರೆ, ಮೈಕೈ ನೆಟ್ಟಗಿದ್ದರೆ ಬರೆಯಿರಿ. ಆದರೆ ಕಣ್ಣು ತೆರೆದೇ ಬರೆಯಿರಿ. 2010ರಲ್ಲಿ 125 ಸಿಸಿಯ ಚಿಕ್ಕ ಬೈಕುಗಳ ವಿಭಾಗದಲ್ಲಿ ಗೆದ್ದವನು, ಮುಂದೆ ಮಧ್ಯದ ವಿಭಾಗ ಮೋಟೋ2, ಮೋಟೋಜಿಪಿ ಸೇರಿ ಅಲ್ಲಿ ಓಡಿದ 11 ರೇಸ್‌ಗಳನ್ನು ಬಿಡದೆ ಗೆದ್ದ. ಕೊನೆಯದು 2021ರಲ್ಲಿ. ಅಲ್ಲಿ 13 ತಿರುವುಗಳಲ್ಲಿ 10 ಎಡಕ್ಕೆ. ಎಡ ತಿರುವಿನಲ್ಲಿ ಅವನಷ್ಟು ಚೆನ್ನಾಗಿ ಬೈಕ್ ಮಲಗಿಸುವವರು ಕಡಿಮೆ. ಇಷ್ಟೆಲ್ಲ ಇದ್ದೂ 2023ರಲ್ಲಿ ಆ ವಾರಾಂತ್ಯ ಐದು ಸಲ ಬಿದ್ದು ಭಾನುವಾರದ ರೇಸಿಗೇ ಇಳಿಯಲಿಲ್ಲ. 2024ರಲ್ಲಿ 13ನೇ ಜಾಗದಿಂದ ಹೊರಟು ಎರಡನೆಯವನಾದ. 2025ರಲ್ಲಿ ಮತ್ತೆ ಗೆದ್ದ.

ನನಗೆ ಅಲ್ಲಿ ಮಾರ್ಕೆಜ್‌ಗಿಂತ ಜಾಸ್ತಿ ಕುತೂಹಲ 11ನೇ ತಿರುವಿನ ಮೇಲೆ. ಸಾಲಾಗಿ ಎಡ ತಿರುವುಗಳು ಬಂದ ಮೇಲೆ, ಇಳಿಜಾರಿನ ತುದಿಯಲ್ಲಿ ಒಂದೇಟಿಗೆ ಬಲಕ್ಕೆ ಹೊರಳಬೇಕು. ಅಷ್ಟು ಹೊತ್ತು ಟೈರಿನ ಬಲಬದಿ ನೆಲ ಮುಟ್ಟದೆ ತಣ್ಣಗಾಗಿರುತ್ತದೆ. ತಣ್ಣಗಿನ ರಬ್ಬರ್ ಹಿಡಿಯುವುದಿಲ್ಲ. ಬದಿಗೊಂದು ಬಗೆಯ ರಬ್ಬರ್ ಇರುವ ಟೈರ್ ತಂದರೂ ಅಲ್ಲಿ ಬೀಳುವವರು ಬೀಳುತ್ತಲೇ ಇದ್ದಾರೆ. 2025ರಲ್ಲಿ ಮೊದಲ ತಿರುವೇ ಹಲವರನ್ನು ಕೆಡವಿತು. ಎರಡನೇ ಸ್ಥಾನದಲ್ಲಿದ್ದ ಬೆಝೆಕ್ಕಿಯೂ ಬಿದ್ದ. ಕೊನೆಗೆ ಗೆರೆ ಮುಟ್ಟಿದ್ದು ಬರೀ 10 ಜನ. ಹಾಗಾಗಿ ಈ ಟ್ರ್ಯಾಕಿಗೆ ಬರೆಯುವಾಗ ನಾನು ಏಳರಿಂದ ಹದಿಮೂರರವರೆಗಿನ ಜಾಗಗಳಿಗೆ ಬೀಳದೆ ಮುಗಿಸುವವರನ್ನು ಹುಡುಕುತ್ತೇನೆ. ಮೊದಲ ಹೆಸರನ್ನು ಎಲ್ಲರೂ ಒಂದೇ ಬರೆಯುತ್ತಾರೆ, ಅಲ್ಲಿ ಯಾರಿಗೂ ಲಾಭವಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಇದರ ಮೇಲೆ ಹಣ ಕಟ್ಟಬಹುದಾ?

ಬೇಡ. ಮುಂದಿನ ಪ್ರಶ್ನೆ.

ಪ್ರಶ್ನೆ: ಶುಕ್ರವಾರದ ಪ್ರಾಕ್ಟೀಸ್, ಶನಿವಾರದ ಕ್ವಾಲಿಫೈಯಿಂಗ್, ಸ್ಪ್ರಿಂಟ್. ಇವುಗಳಲ್ಲಿ ಯಾವುದನ್ನು ನಂಬಬೇಕು?

ಶುಕ್ರವಾರ ಮಧ್ಯಾಹ್ನದ ಪಟ್ಟಿಯನ್ನು ಹಾಗೇ ನಂಬಬೇಡಿ. ಅಲ್ಲಿ ಮೊದಲ ಹತ್ತರಲ್ಲಿ ಬಂದವರಿಗೆ ಗ್ರಿಡ್‌ನ ಮುಂದಿನ ಜಾಗಗಳನ್ನು ನಿರ್ಧರಿಸುವ ಎರಡನೇ ಕ್ವಾಲಿಫೈಯಿಂಗ್‌ಗೆ ನೇರವಾಗಿ ದಾರಿ. ಅದಕ್ಕೇ ಕೊನೆಯ ನಿಮಿಷಗಳಲ್ಲಿ ಎಲ್ಲರೂ ಹೊಸ ಸಾಫ್ಟ್ ಟೈರ್ ಹಾಕಿ ಒಂದೇ ಒಂದು ಲ್ಯಾಪಿಗಾಗಿ ಜೀವ ಬಿಡುತ್ತಾರೆ. ರೇಸ್ ಗೆಲ್ಲುವುದು ಆ ಒಂದು ಲ್ಯಾಪಿನಿಂದಲ್ಲ. ಮೋಟೋಜಿಪಿ ಜಾಲತಾಣದಲ್ಲಿ ಪ್ರತಿ ಸವಾರನ ಪ್ರತಿ ಲ್ಯಾಪಿನ ಸಮಯ ಸಿಗುತ್ತದೆ. ಹಳೆಯ ಟೈರಿನಲ್ಲಿ ಹತ್ತು ಹದಿನೈದು ಲ್ಯಾಪ್ ಓಡಿಸಿದವನ ಸಮಯ ಲ್ಯಾಪಿನಿಂದ ಲ್ಯಾಪಿಗೆ ಎಷ್ಟು ಕುಸಿಯುತ್ತದೆ, ಅದನ್ನು ನೋಡಿ. ನಾನು ಇದನ್ನು ಗ್ರಾಫ್ ಹಾಳೆಯಲ್ಲಿ ಬರೆಯುತ್ತೇನೆ. ಗೆರೆ ಸಪಾಟಾಗಿರುವವನು ಭಾನುವಾರ ಹಿಂದಿನಿಂದ ಬಂದು ಹಿಡಿಯುತ್ತಾನೆ. ಎನಿಯಾ ಬಾಸ್ತಿಯಾನಿನಿ ಹೆಸರು ಮಾಡಿದ್ದೇ ಹೀಗೆ, ಕೊನೆಯ ಲ್ಯಾಪುಗಳಿಗೆ ಟೈರ್ ಉಳಿಸಿಕೊಂಡು.

ಪೋಲ್, ಅಂದರೆ ಗ್ರಿಡ್‌ನ ಮೊದಲ ಜಾಗ ಸಿಕ್ಕರೆ ಸಾಕು ಎನ್ನುವವರಿಗೆ 2025ರ ಫಾಬಿಯೊ ಕ್ವಾರ್ಟರಾರೊನನ್ನು ತೋರಿಸಿ. ಯಮಾಹಾ ಮೇಲೆ ಜೆರೆಜ್, ಲೆಮಾನ್ಸ್, ಸಿಲ್ವರ್‌ಸ್ಟೋನ್ ಎಲ್ಲ ಕಡೆ ಪೋಲ್ ಪಡೆದ. ಜೆರೆಜ್‌ನಲ್ಲಿ ಎರಡನೆಯವನಾದ, ಲೆಮಾನ್ಸ್‌ನಲ್ಲಿ ಬಿದ್ದ, ಸಿಲ್ವರ್‌ಸ್ಟೋನ್‌ನಲ್ಲಿ ಮುಂದಿದ್ದಾಗ ಬೈಕ್ ಕೈಕೊಟ್ಟಿತು. ಆ ವರ್ಷ ಭಾನುವಾರದ ಮುಖ್ಯ ರೇಸ್ ಒಂದೂ ಅವನದಾಗಲಿಲ್ಲ. ಇಷ್ಟಾದರೂ ಗ್ರಿಡ್ ಅನ್ನು ಕಡೆಗಣಿಸುವಂತಿಲ್ಲ. ಈಗಿನ ಬೈಕುಗಳ ರೆಕ್ಕೆಗಳಿಂದಾಗಿ ಹಿಂದಿರುವವನಿಗೆ ಗಾಳಿ ಕೆಟ್ಟು ಬರುತ್ತದೆ, ಮುಂದಿನ ಟೈರ್ ಕಾಯುತ್ತದೆ, ದಾಟುವುದು ಕಷ್ಟ. 2027ರಿಂದ ರೆಕ್ಕೆ ಚಿಕ್ಕದಾಗುತ್ತದೆ, ಎಂಜಿನ್ 850 ಸಿಸಿಗೆ ಇಳಿಯುತ್ತದೆ, ಟೈರ್ ಮಿಷೆಲಿನ್‌ನಿಂದ ಪಿರೆಲ್ಲಿಗೆ ಹೋಗುತ್ತದೆ. ಹಳೆಯ ಲೆಕ್ಕವೆಲ್ಲ ಆಗ ಮೊದಲಿನಿಂದ ಶುರು.

ಸ್ಪ್ರಿಂಟ್ ಅರ್ಧ ದೂರದ ರೇಸ್. ಟೈರ್ ಉಳಿಸುವ ಗೋಜು ಕಡಿಮೆ. ಯಾರು ಚೆನ್ನಾಗಿ ಹೊರಡುತ್ತಾರೆ ಎಂಬುದನ್ನು ಅದು ಹೇಳುತ್ತದೆ. ಕೊನೆಯ ಹತ್ತು ಲ್ಯಾಪಿನ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಕಳೆದ ರೇಸಿನ ಫಲಿತಾಂಶ. ಅದನ್ನು ಹಿಡಿದು ಬರೆಯುವವರು 2025ರ ಬನ್ಯಾಯನನ್ನು ನೆನಪಿಸಿಕೊಳ್ಳಿ. ಮೊಟೆಗಿಯಲ್ಲಿ ಸ್ಪ್ರಿಂಟ್, ರೇಸ್ ಎರಡನ್ನೂ ಗೆದ್ದ. ಮುಂದಿನ ವಾರವೇ ಮಂಡಾಲಿಕಾದಲ್ಲಿ ಸ್ಪ್ರಿಂಟ್‌ನಲ್ಲಿ ಕೊನೆಯವನಾದ, ಭಾನುವಾರ ಬಿದ್ದ.

ಪ್ರಶ್ನೆ: ಟೀಚರ್, ನಾನು 9ನೇ ಕ್ಲಾಸ್. ರೇಸ್ ಮುಗಿದ ಮೇಲೂ ಸ್ಥಾನ ಬದಲಾಗುತ್ತೆ ಅಂತ ಅಣ್ಣ ಹೇಳ್ತಾನೆ. ನಿಜವಾ?

ಅಣ್ಣ ಹೇಳಿದ್ದು ನಿಜ ಮಗಳೇ. 2025ರ ಕತಾರ್ ರೇಸಿನಲ್ಲಿ ಮ್ಯಾವೆರಿಕ್ ವಿನ್ಯಾಲೆಸ್ ಎರಡನೆಯವನಾಗಿ ಗೆರೆ ದಾಟಿದ. ಮುಂದಿನ ಟೈರಿನ ಒತ್ತಡ ನಿಯಮಕ್ಕಿಂತ ಕಡಿಮೆಯಿತ್ತೆಂದು ಅವನ ಸಮಯಕ್ಕೆ 16 ಸೆಕೆಂಡ್ ಸೇರಿಸಿದರು. ಸೀದಾ 14ನೇ ಸ್ಥಾನಕ್ಕೆ ಇಳಿದ. 16 ಸೆಕೆಂಡ್ ಎಷ್ಟು ದೊಡ್ಡದು ಗೊತ್ತಾ? 2021ರ ದೋಹಾ ರೇಸಿನಲ್ಲಿ ಮೊದಲನೆಯವನಿಗೂ ಹದಿನೈದನೆಯವನಿಗೂ ನಡುವೆ ಇದ್ದದ್ದು 9 ಸೆಕೆಂಡಿಗಿಂತ ಕಡಿಮೆ.

ಇದರಲ್ಲಿ ಒಂದು ಮಜಾ ಇದೆ. ಬೇರೆ ಬೈಕಿನ ಹಿಂದೆ ಓಡಿದರೆ ಬಿಸಿ ಗಾಳಿಗೆ ಟೈರ್ ಕಾದು ಒತ್ತಡ ಏರುತ್ತದೆ. ಒಬ್ಬನೇ ಮುಂದೆ ಹೋದರೆ ಏರುವುದಿಲ್ಲ. ಹಾಗಾಗಿ ರೇಸಿಗೆ ಮುಂಚೆ ಎಷ್ಟು ಗಾಳಿ ತುಂಬಬೇಕೆಂದು ಲೆಕ್ಕ ಹಾಕುವ ಎಂಜಿನಿಯರ್‌ಗೂ ತನ್ನ ಸವಾರ ಎಷ್ಟನೇ ಸ್ಥಾನದಲ್ಲಿ ಓಡುತ್ತಾನೆ ಎಂದು ಊಹಿಸಲೇಬೇಕು. ಅಂದರೆ ಅವರೂ ನಿಮ್ಮಣ್ಣನ ಹಾಗೆ ಪಟ್ಟಿ ಬರೆಯುವವರೇ! 2025ರ ಥಾಯ್ಲೆಂಡ್ ರೇಸಿನಲ್ಲಿ ಮುಂದಿದ್ದ ಮಾರ್ಕ್ ಮಾರ್ಕೆಜ್ ಬೇಕೆಂದೇ ತಮ್ಮ ಅಲೆಕ್ಸ್‌ಗೆ ದಾರಿ ಬಿಟ್ಟ. ಅವನ ಬೆನ್ನಿಗೆ ಅಂಟಿಕೊಂಡು ಒತ್ತಡ ಏರಿಸಿಕೊಂಡ. ಕೊನೆಯ ಲ್ಯಾಪುಗಳಲ್ಲಿ ದಾಟಿ ಗೆದ್ದ.

ಪ್ರಶ್ನೆ: ಮಳೆ ಬಂದರೆ?

ಬರೆದ ಪಟ್ಟಿಯನ್ನು ಹರಿದು ಹಾಕಿ. 2016ರಲ್ಲಿ ಅಸೆನ್‌ನಲ್ಲಿ ಜ್ಯಾಕ್ ಮಿಲ್ಲರ್, 2025ರಲ್ಲಿ ಲೆಮಾನ್ಸ್‌ನಲ್ಲಿ ಯೋಹಾನ್ ಝಾರ್ಕೊ ಗೆದ್ದದ್ದು ಮಳೆಯಲ್ಲೇ. ಇಬ್ಬರ ಹೆಸರನ್ನೂ ಒಣ ಟ್ರ್ಯಾಕಿನ ಲೆಕ್ಕ ಮೇಲಕ್ಕೆ ತರುತ್ತಿರಲಿಲ್ಲ. ಮಳೆಗಾಗಿ ಬೇರೆಯೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಎಲ್ಲ ಸರಿ, ನಿಮ್ಮ ಪಟ್ಟಿ ಎಲ್ಲಿ?

ಈ ಸಂಚಿಕೆ ಅಚ್ಚಿಗೆ ಹೋಗುವಾಗ ಶುಕ್ರವಾರದ ಪ್ರಾಕ್ಟೀಸೇ ಆಗಿರುವುದಿಲ್ಲ. ಲ್ಯಾಪ್ ಟೈಮ್ ನೋಡದೆ ನಾನು ಬರೆಯುವುದಿಲ್ಲ. ಶನಿವಾರ ಸ್ಪ್ರಿಂಟ್ ಮುಗಿದ ಮೇಲೆ ಬರೆದು, ಲಕೋಟೆಗೆ ಹಾಕಿ ಸಂಪಾದಕರ ಮೇಜಿನ ಮೇಲಿಡುತ್ತೇನೆ. ನೀವೂ ಅಷ್ಟರೊಳಗೆ ಕಳಿಸಿ, 22 ಹೆಸರೂ ಇರಲಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಮೊತ್ತ, ನನ್ನ ಮೊತ್ತ, ಗ್ರಿಡ್ ಮಹಾಶಯನ ಮೊತ್ತ ಮೂರನ್ನೂ ಅಕ್ಕಪಕ್ಕ ಹಾಕುತ್ತೇವೆ.