9 ಡಿಗ್ರಿ ಆದರೂ ಶೀತಗಾಳಿ ಅಲ್ವಾ?

ಬೀದರ್‌ನಲ್ಲಿ 9 ಡಿಗ್ರಿಗೆ ಇಳಿದರೂ ಹವಾಮಾನ ಇಲಾಖೆ ಶೀತಗಾಳಿ ಅಂತ ಯಾಕೆ ಘೋಷಿಸಲಿಲ್ಲ ಅಂತ ಕೇಳಿದ್ದೀರಿ. ಬರೀ ಥರ್ಮಾಮೀಟರ್ ನೋಡಿ ಹೇಳುವುದಿಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ವಾಡಿಕೆ 13 ಅಂದುಕೊಳ್ಳಿ. 9 ಅಂದರೆ ನಾಲ್ಕೇ ಡಿಗ್ರಿ ಕಡಿಮೆ. ಅರ್ಧ ಡಿಗ್ರಿಯಲ್ಲಿ ತಪ್ಪಿತು ನೋಡಿ! ನೇರವಾಗಿ 4 ಡಿಗ್ರಿಗೇ ಇಳಿದರೆ ಮಾತ್ರ ಈ ವಾಡಿಕೆಯ ಲೆಕ್ಕ ಬೇಡ. ಯಾವ ಲೆಕ್ಕವಾದರೂ ಎರಡು ಹವಾಮಾನ ಕೇಂದ್ರಗಳಲ್ಲಾದರೂ, ಸತತ ಎರಡು ದಿನ ಕಾಣಬೇಕು.

ಯೆಲ್ಲೋ, ಆರೆಂಜ್ ಅಲರ್ಟ್ ಬೇರೆ, ಅವು ಮುನ್ಸೂಚನೆ. ಯೆಲ್ಲೋ ಅಂದರೆ ಗಮನವಿಡಿ, ಆರೆಂಜ್ ಅಂದರೆ ತಯಾರಾಗಿ. ಘೋಷಣೆ ಆಗಲಿಲ್ಲ ಅಂತ ಚಳಿಯೇನೂ ಕಡಿಮೆಯಾಗಲ್ಲ, ಅಲ್ವಾ? ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇರುವುದಿಲ್ಲ.