ಪರೀಕ್ಷೆ ಮುಂದೆ ಹೋಗಲಿ, ರದ್ದಾಗಲಿ, ಏಜೆಂಟರ ಕೈಗೆ ಮುಂಗಡ ಬೇಡ

ಓದುಗರ ಪತ್ರ: "ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಸಿಇಟಿ, ನೀಟ್ ಎರಡಕ್ಕೂ ಅರ್ಜಿ ಹಾಕಿದ್ದೇವೆ. ವಾರಕ್ಕೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಪೇಪರ್ ಲೀಕಂತೆ, ಎಕ್ಸಾಂ ಕ್ಯಾನ್ಸಲ್ ಅಂತೆ ಎಂದು ಬರುತ್ತಲೇ ಇರುತ್ತದೆ. ನಮ್ಮ ಮೈದುನನ ಮಗ 2021ರಲ್ಲಿ ಪರೀಕ್ಷೆ ಬರೆಯದೆ ಪಾಸಾದವನು. ಮರುವರ್ಷ ಸಿಇಟಿ ಬರೆದಾಗ ಅವನ ಪಿಯು ಅಂಕಕ್ಕೆ ಬೆಲೆಯೇ ಇಲ್ಲ ಎಂದರು. ಈಗ ಬೆಂಗಳೂರಿನ ಏಜೆಂಟನೊಬ್ಬ ಈ ವಾರದೊಳಗೆ ಒಂದು ಲಕ್ಷ ಕೊಟ್ಟರೆ ಸೀಟು ಬ್ಲಾಕ್ ಮಾಡಿಸುತ್ತೇನೆ ಅನ್ನುತ್ತಿದ್ದಾನೆ. ಎಂಜಿನಿಯರಿಂಗೂ ಇದೆಯಂತೆ, ಇನ್ನಷ್ಟು ಸೇರಿಸಿದರೆ ಮೆಡಿಕಲ್ಲೂ ಇದೆಯಂತೆ. ಯಜಮಾನರು ಕೊಟ್ಟುಬಿಡೋಣ ಅನ್ನುತ್ತಾರೆ. ಮಗಳು ಸರಿಯಾಗಿ ಉಣ್ಣುತ್ತಿಲ್ಲ. ಪರೀಕ್ಷೆ ರದ್ದಾದರೆ ಓದಿದ್ದೆಲ್ಲ ಹೋಯಿತಾ? ಅವಳ ಮೊಬೈಲ್ ಕಿತ್ತಿಟ್ಟುಕೊಳ್ಳಲಾ?"
(ಗಂಗಾವತಿ ತಾಲ್ಲೂಕಿನ ಓದುಗರು. ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ದುಡ್ಡಿನ ವಿಷಯ ಮೊದಲು ಮುಗಿಸೋಣ. ನಿಮ್ಮ ಪತ್ರದಲ್ಲಿ ಈ ವಾರದ ಗಡುವು ಇರುವುದು ಅದೊಂದಕ್ಕೆ, ಆ ಗಡುವನ್ನು ಇಟ್ಟವನು ಏಜೆಂಟ್. ಕೊಡಬೇಡಿ.

ಮೆಡಿಕಲ್ ಸೀಟು ಕೊಡಿಸುತ್ತೇನೆ ಎನ್ನುವ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಸರ್ಕಾರಿ ಕಾಲೇಜಿರಲಿ, ಖಾಸಗಿಯಿರಲಿ, ಡೀಮ್ಡ್ ವಿಶ್ವವಿದ್ಯಾಲಯವಿರಲಿ, ಎಂಬಿಬಿಎಸ್ ಸೀಟು ಹಂಚುವುದು ನೀಟ್ ರ‍್ಯಾಂಕ್ ಮೇಲೆ ನಡೆಯುವ ಕೌನ್ಸೆಲಿಂಗ್‌ನಲ್ಲಿ ಮಾತ್ರ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ಸೀಟುಗಳನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ; ಸರ್ಕಾರಿ ಕಾಲೇಜುಗಳ ಉಳಿದ ಶೇ 85 ಮತ್ತು ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಮ್ಯಾನೇಜ್‌ಮೆಂಟ್ ಕೋಟಾ ಎಂಬ ಹೆಸರಿನದ್ದೂ ಈ ದಾರಿಯಲ್ಲೇ ಬರಬೇಕು. ಪರೀಕ್ಷೆಯೇ ಆಗದಿರುವಾಗ ಸೀಟು 'ಬ್ಲಾಕ್' ಆಗಿದೆ ಎಂದರೆ ಅವನು ಮಾರುತ್ತಿರುವುದು ಇಲ್ಲದ ವಸ್ತು.

ಎಂಜಿನಿಯರಿಂಗ್‌ನಲ್ಲಿ ಕಾಲೇಜಿನವರೇ ತುಂಬಿಕೊಳ್ಳುವ ಮ್ಯಾನೇಜ್‌ಮೆಂಟ್ ಸೀಟುಗಳು ನಿಜವಾಗಿಯೂ ಇವೆ. ಆದ್ದರಿಂದಲೇ ಇಲ್ಲಿ ಮೋಸ ಹೋಗುವುದು ಸುಲಭ. ನಿಮ್ಮವರಿಗೆ ಕಟ್ಟಲೇಬೇಕು ಅನ್ನಿಸಿದರೆ ಕಾಲೇಜಿಗೆ ಹೋಗಿ ಪ್ರವೇಶ ವಿಭಾಗದಲ್ಲಿ ಕಟ್ಟಲಿ. ದುಡ್ಡು ಕಾಲೇಜಿನ ಬ್ಯಾಂಕ್ ಖಾತೆಗೇ ಹೋಗಬೇಕು. ರಸೀದಿಯಲ್ಲಿ ಮಗಳ ಹೆಸರು, ಕೋರ್ಸು, ಯಾವ ಬಾಬ್ತು ಎಂಬುದು ಇರಬೇಕು. ಫೋನ್‌ಪೇನಲ್ಲಿ ಯಾರದೋ ನಂಬರಿಗೆ ಹಾಕಿದ್ದಕ್ಕೂ ಕೈಗೆ ಕೊಟ್ಟ ನಗದಿಗೂ ಮುಂದೆ ಕಾಲೇಜಿನ ಮೇಲೆ ದೂರು ನಿಲ್ಲಿಸುವುದು ಕಷ್ಟ. ನಿಗದಿತ ಶುಲ್ಕಕ್ಕಿಂತ ಹೆಚ್ಚು ವಸೂಲು ಮಾಡುವುದನ್ನು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಅಪರಾಧ ಎನ್ನುತ್ತದೆ. ರಸೀದಿ ಕೊಡಲು ಹಿಂಜರಿಯುವುದು ಅದಕ್ಕೇ.

ರಸೀದಿ ಇದ್ದರೆ ವಾಪಸಾತಿಗೆ ದಾರಿ ಇದೆ. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ನಿಗದಿತ ಕೊನೆಯ ದಿನದೊಳಗೆ ಸೀಟು ಬಿಟ್ಟರೆ ₹1,000ಕ್ಕಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮ ಮೆಟ್ಟಿಲು ಮೆಟ್ಟಿಲಾಗಿದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ, ಅದರಲ್ಲಿ ಕಚೇರಿ ವೆಚ್ಚವೆಂದು ಶೇ 5, ಅದೂ ₹5,000 ಮೀರದಂತೆ ಹಿಡಿಯಬಹುದು, ಆ 15 ದಿನದೊಳಗಾದರೆ ಶೇ 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50, ಆಮೇಲೆ ಸೊನ್ನೆ. ಪ್ರವೇಶ ತಡವಾದ ವರ್ಷಗಳಲ್ಲಿ ಯುಜಿಸಿ ಇದನ್ನು ಸಡಿಲಿಸಿದ್ದೂ ಉಂಟು. 2024ರಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ವಾಪಸ್ ಎಂದಿತ್ತು. ಮೂಲ ಅಂಕಪಟ್ಟಿ, ಟಿಸಿಯನ್ನು ಒತ್ತೆ ಇಟ್ಟುಕೊಳ್ಳಲು ಕಾಲೇಜಿಗೆ ಹಕ್ಕಿಲ್ಲ. ಕೊಡದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಮುಖ್ಯವಾಗಿ, ಸೀಟು ಬಿಡುವ ಪತ್ರವನ್ನು ಇಮೇಲ್‌ನಲ್ಲಿ ಕಳಿಸಿ. ಬಾಯಲ್ಲಿ ಹೇಳಿ ಬಂದರೆ ನೀವು ಯಾವತ್ತು ಬಿಟ್ಟಿರಿ ಎಂಬುದಕ್ಕೆ ದಾಖಲೆ ಇರುವುದಿಲ್ಲ, ಮೇಲಿನ ಲೆಕ್ಕವೆಲ್ಲ ನಿಂತಿರುವುದು ಆ ತಾರೀಖಿನ ಮೇಲೆ.

ಈಗ ಪರೀಕ್ಷೆ. ವಾಟ್ಸ್‌ಆ್ಯಪ್‌ನಲ್ಲಿ 'ಕ್ಯಾನ್ಸಲ್' ಎಂಬ ಒಂದೇ ಪದದಡಿ ಮೂರು ಬೇರೆ ಸಂಗತಿಗಳು ಬರುತ್ತವೆ. ಒಂದು, ದಿನಾಂಕ ಮುಂದೆ ಹೋಗುವುದು. 2020ರಲ್ಲಿ ಏಪ್ರಿಲ್‌ನ ಸಿಇಟಿ ಜುಲೈ 30, 31ಕ್ಕೆ ಹೋಯಿತು. ಮೇ 3ರ ನೀಟ್ ಮೊದಲು ಜುಲೈ 26ಕ್ಕೆ, ಆಮೇಲೆ ಸೆಪ್ಟೆಂಬರ್ 13ಕ್ಕೆ. ಆ ತಂಡದ ಎಂಬಿಬಿಎಸ್ ತರಗತಿ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ತಡವಾಯಿತೇ ಹೊರತು ಸೀಟು ಕಡಿಮೆಯಾಗಲಿಲ್ಲ.

ಎರಡನೆಯದು, ರದ್ದಾಗಿ ಮತ್ತೆ ನಡೆಯುವುದು. 2016ರ ಮಾರ್ಚ್ 21ರ ಪಿಯು ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾಗಿ ರದ್ದಾಯಿತು, ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯದ್ದೂ ಸೋರಿತು, ಕೊನೆಗೆ ನಡೆದದ್ದು ಏಪ್ರಿಲ್ 12ಕ್ಕೆ. ಮಕ್ಕಳು ಒಂದೇ ವಿಷಯಕ್ಕೆ ಮೂರು ಸಲ ಸಿದ್ಧರಾಗಬೇಕಾಯಿತು, ಆದರೂ ಮೇ ಮೊದಲ ವಾರದ ಸಿಇಟಿ ತಪ್ಪಲಿಲ್ಲ. ಇಡೀ ಪರೀಕ್ಷೆ ರದ್ದಾಗುವುದು ಸುದ್ದಿಯಲ್ಲಿ ಕಾಣಿಸುವಷ್ಟು ಸುಲಭವಲ್ಲ. 2024ರ ನೀಟ್ ಗಲಾಟೆ ನಿಮಗೆ ನೆನಪಿರಬಹುದು. ಜೂನ್ 4ರ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಮರುಪರೀಕ್ಷೆಯ ಅವಕಾಶ ಸಿಕ್ಕಿದ್ದು ಕೃಪಾಂಕ ಪಡೆದಿದ್ದ 1,563 ಮಂದಿಗೆ ಮಾತ್ರ. ಇಡೀ ಪರೀಕ್ಷೆ ರದ್ದು ಮಾಡಲು ಸುಪ್ರೀಂ ಕೋರ್ಟ್ ಜುಲೈ 23ರಂದು ನಿರಾಕರಿಸಿತು. ಮರುಪರೀಕ್ಷೆ ನಡೆದು, ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರವನ್ನೂ ಸರಿಪಡಿಸಿದ ಮೇಲೆ ಆ 67 ಮಂದಿ 17ಕ್ಕೆ ಇಳಿದರು. ಎಂಸಿಸಿ ಕೌನ್ಸೆಲಿಂಗ್ ಶುರುವಾದದ್ದು ಆಗಸ್ಟ್ ಮಧ್ಯದಲ್ಲಿ. ಫಲಿತಾಂಶದಿಂದ ಅಲ್ಲಿಯವರೆಗಿನ ಹತ್ತು ವಾರ ಏಜೆಂಟರಿಗೆ ಸುಗ್ಗಿ.

ಮೂರನೆಯದು ಅಪರೂಪ: ಪರೀಕ್ಷೆಯೇ ನಡೆಯದೆ ಹಳೆಯ ಅಂಕಗಳಿಂದ ಫಲಿತಾಂಶ ಕಟ್ಟುವುದು. 2021ರ ದ್ವಿತೀಯ ಪಿಯುಸಿಗೆ ಆದದ್ದು ಇದು. ಎಸ್‌ಎಸ್‌ಎಲ್‌ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10. 2,239 ಮಕ್ಕಳಿಗೆ 600ಕ್ಕೆ 600 ಬಂತು. ಪ್ರಥಮ ಪಿಯುವನ್ನು 'ಲೆಕ್ಕಕ್ಕಿಲ್ಲದ ವರ್ಷ' ಎಂದು ಕಳೆದವರು ಆಗ ಕೈ ಹಿಸುಕಿಕೊಂಡರು. ಆದರೆ ಅದೇ ವರ್ಷ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಅಂಕವನ್ನು ಪೂರ್ತಿ ಕೈಬಿಟ್ಟು, ಆಗಸ್ಟ್ 28, 29ರಂದು ನಡೆದ ಸಿಇಟಿ ಅಂಕವನ್ನಷ್ಟೇ ತೆಗೆದುಕೊಂಡರು.

ನಿಮ್ಮ ಮೈದುನನ ಮಗನಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಅವನಂಥ ಸುಮಾರು 24 ಸಾವಿರ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದರು. ಆ ವರ್ಷದ ಹೊಸ ತಂಡಕ್ಕೆ ಪಿಯು ಅರ್ಧ, ಸಿಇಟಿ ಅರ್ಧ. 2021ರವರ ಉದಾರ ಅಂಕವನ್ನು ಹಾಗೇ ಸೇರಿಸಿದರೆ ಹೊಸಬರಿಗೆ ಅನ್ಯಾಯ ಎಂದು ಕೆಇಎ ಅವರ ಪಿಯು ಅಂಕವನ್ನು ಬಿಟ್ಟಿತು. ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮೇಲ್ಮನವಿಯಲ್ಲಿ, ಅವರ ಪಿಯು ಅಂಕದಲ್ಲಿ ಸರಾಸರಿ 6 ಕಳೆದು ಉಳಿದದ್ದನ್ನು ಸೇರಿಸುವ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿ, ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಯಿತು. ಬೆಲೆಯೇ ಇಲ್ಲ ಎಂಬಲ್ಲಿಂದ ಶುರುವಾಗಿ ಅಷ್ಟು ಹೊತ್ತಿಗೆ ಸೆಪ್ಟೆಂಬರ್ ಕಳೆದಿತ್ತು. ಹಾಗಾಗಿ ಪರೀಕ್ಷೆ ರದ್ದಾದ ವರ್ಷದ ಪಿಯು ಅಂಕ ಹಿಡಿದುಕೊಂಡು ಒಂದು ವರ್ಷ ಬಿಟ್ಟು ಮತ್ತೆ ಬರೆಯುವುದು ಬೇರೆ ವರ್ಷಗಳಿಗಿಂತ ಹೆಚ್ಚು ಅಪಾಯದ ಆಟ. ಎರಡು ತಂಡಗಳ ಅಂಕವನ್ನು ಒಂದೇ ತಕ್ಕಡಿಗೆ ಹಾಕುವಾಗ ನಿಯಮ ಯಾವ ಕಡೆಗೂ ವಾಲಬಹುದು. ಪರೀಕ್ಷೆ ಎಂದಿನಂತೆ ನಡೆದ ವರ್ಷದ ಅಂಕಕ್ಕೆ ಈ ತೊಂದರೆ ಇಲ್ಲ.

ಮಗಳ ಮಟ್ಟಿಗೆ ನೋಡಿ. ಮೆಡಿಕಲ್‌ಗೆ ರ‍್ಯಾಂಕ್ ಕೊಡುವುದು ನೀಟ್ ಒಂದೇ. ಪಿಯುವಿನಲ್ಲಿ ಪಿಸಿಬಿಗೆ (ಭೌತ, ರಸಾಯನ, ಜೀವಶಾಸ್ತ್ರ) ಶೇ 50, ಮೀಸಲು ವರ್ಗಕ್ಕೆ ಶೇ 40 ಇದ್ದರೆ ಸಾಕು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ರ‍್ಯಾಂಕ್ ಕೂಡ ಆ ಪರೀಕ್ಷೆಯ ಅಂಕದ ಮೇಲೇ ನಿಲ್ಲುತ್ತದೆ. ಕೆಇಎ ಎಂಜಿನಿಯರಿಂಗ್‌ಗೆ ಮಾತ್ರ ಪಿಯುವಿನ ಪಿಸಿಎಂ (ಭೌತ, ರಸಾಯನ, ಗಣಿತ) ಅಂಕ ಅರ್ಧ, ಸಿಇಟಿ ಅರ್ಧ. ಒಂದು ಪರೀಕ್ಷೆ ಅಲುಗಾಡಿದರೆ ಮೂರೂ ದಾರಿ ಒಟ್ಟಿಗೆ ಮುಚ್ಚುವುದಿಲ್ಲ. ಓದಿದ್ದು ಹೋಯಿತಾ ಎಂದು ಕೇಳಿದ್ದೀರಿ. ರದ್ದಾದರೆ ಎಲ್ಲರದ್ದೂ ರದ್ದಾಗುತ್ತದೆ, ಮರುಪರೀಕ್ಷೆಯೂ ಅದೇ ಪಠ್ಯದ ಮೇಲೆ ಬರುತ್ತದೆ.

ನಿಜವಾಗಿ ಸೀಟು ಕಳೆಯುವುದು ಕಾಗದಪತ್ರ. ಗಂಗಾವತಿ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, ನಿಮಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ: ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8. ಅದರ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ, ತಹಶೀಲ್ದಾರರಲ್ಲ. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಆರ್‌ಡಿ ಸಂಖ್ಯೆ ಇರುವಂಥದ್ದು. ನಮೂನೆಯೂ ಬೇರೆ ಬೇರೆ: ಎಸ್‌ಸಿ, ಎಸ್‌ಟಿಗೆ ಡಿ, ಪ್ರವರ್ಗ-1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ಬಿಸಿಎಂ ಹಾಸ್ಟೆಲ್‌ಗೆ ಮಾಡಿಸಿದ್ದಿದೆ, ಅದೇ ಸಾಕು ಎಂದು ಸುಮ್ಮನಾಗಬೇಡಿ, ಅವಧಿ ನೋಡಿ. 2ಎಯಿಂದ 3ಬಿವರೆಗಿನವರದ್ದು ಐದು ವರ್ಷಕ್ಕೆ ಮುಗಿಯುತ್ತದೆ. ಹೆಸರಿನ ಸ್ಪೆಲ್ಲಿಂಗ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ತಂದೆಯ ಹೆಸರು ಒಂದರಲ್ಲಿ 'ಬಸಪ್ಪ', ಇನ್ನೊಂದರಲ್ಲಿ 'ಬಸವರಾಜ' ಆಗಿದ್ದರೆ ಪರಿಶೀಲನೆಯಲ್ಲಿ ನಿಲ್ಲುತ್ತದೆ.

ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಬೇಕು, ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಇರಬೇಕು. ಇಲ್ಲಿ ನೋಡುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. ಊರು ಹಳ್ಳಿಯಾಗಿದ್ದು, ಮಗು ಒಂದೇ ವರ್ಷ ಗಂಗಾವತಿ ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಕೋಟಾ ಹೋಯಿತು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಊರಲ್ಲಿರುವುದಿಲ್ಲ, ಶಾಲೆಯ ಸೀಲು ಬೀರುವಿನಲ್ಲಿರುತ್ತದೆ. ಈ ಕೆಲಸ ಮಾರ್ಚ್‌ನಲ್ಲೇ ಮುಗಿಸಿ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಸೇರಿಸಬೇಕೆಂದರೆ ಕೆಇಎ ತಿದ್ದುಪಡಿಗೆ ಅವಕಾಶ ತೆರೆದ ಕೆಲವೇ ದಿನಗಳಲ್ಲಿ ಆಗಬೇಕು. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಶೇ 5 ಸೀಟುಗಳನ್ನೂ ಕೇಳಿಕೊಳ್ಳಿ, ಬೋಧನಾ ಶುಲ್ಕ ಇರುವುದಿಲ್ಲ. ಇದನ್ನು ಬಿಟ್ಟವರು ಬಹಳ.

ಸೀಟು ಹಂಚಿಕೆಯ ಹೊತ್ತಿನ ಒಂದು ಅಪಾಯ ಹೇಳಿಬಿಡುತ್ತೇವೆ. ಕೆಇಎ ಸೀಟು ಕೊಟ್ಟ ಮೇಲೆ ನಾಲ್ಕು ಆಯ್ಕೆ ಇರುತ್ತವೆ. 1: ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜಿಗೆ. 2: ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದಕ್ಕೂ ನೋಡುತ್ತೇನೆ. 3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4: ಪೂರ್ತಿ ಹೊರಗೆ. 3 ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ, ಇದು ಹಲವರಿಗೆ ಗೊತ್ತು. 2ರಲ್ಲೂ ಒಂದು ಕೊಕ್ಕೆ ಇದೆ: ಪಟ್ಟಿಯಲ್ಲಿ ಮೇಲೆ ಬರೆದಿದ್ದ ಯಾವುದೋ ದೂರದ ಕಾಲೇಜು ಮುಂದಿನ ಸುತ್ತಿನಲ್ಲಿ ಸಿಕ್ಕಿತೆಂದರೆ ಹಳೆಯ ಸೀಟು ತಾನಾಗಿ ರದ್ದು, ಹಿಂದಿರುಗುವ ದಾರಿ ಇಲ್ಲ. ಸುಮ್ಮನೆ ತುಂಬಿಸಿದ್ದ ಮೇಲಿನ ಆಯ್ಕೆಗಳನ್ನು ಮುಂದಿನ ಸುತ್ತಿಗೆ ಮೊದಲೇ ಅಳಿಸಿಹಾಕಿ.

ಎಲ್ಲವೂ ತಡವಾದರೆ? ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್‌ಸಿಗೆ ಸೇರಿಸಿಡಿ. ಶುಲ್ಕ ಅಲ್ಪ, ಸೀಟು ಬಂದರೆ ಟಿಸಿ ತೆಗೆದುಕೊಂಡು ಹೊರಡಬಹುದು, ಬಾರದಿದ್ದರೆ ವರ್ಷ ನಿಲ್ಲುವುದಿಲ್ಲ. ಮಗಳು ಕೋಚಿಂಗ್ ಊರಿನ ಪಿಜಿಯಲ್ಲಿ ಇದ್ದರೆ ಇನ್ನೂ ಮೂರು ತಿಂಗಳ ಬಾಡಿಗೆ, ಊಟದ ದುಡ್ಡನ್ನು ಲೆಕ್ಕಕ್ಕೆ ಹಿಡಿದಿರಿ. ಏಜೆಂಟನಿಗೆ ಕೊಡಬೇಕೆಂದಿದ್ದ ಲಕ್ಷಕ್ಕೆ ಇದು ಒಳ್ಳೆಯ ಬಳಕೆ.

ಮಗಳು ಉಣ್ಣುತ್ತಿಲ್ಲ ಎಂದದ್ದನ್ನು ಹಗುರವಾಗಿ ನೋಡುತ್ತಿಲ್ಲ. ಮನೆಯಲ್ಲಿ ಪರೀಕ್ಷೆಯ ಸುದ್ದಿಗೆ ಒಂದು ಹೊತ್ತು ಗೊತ್ತುಮಾಡಿ, ಸಂಜೆ ಏಳು ಅಂದುಕೊಳ್ಳಿ. ಕೆಇಎ, ನೀಟ್ ನಡೆಸುವ ಎನ್‌ಟಿಎ, ಶಾಲಾ ಪರೀಕ್ಷಾ ಮಂಡಳಿಯ ಜಾಲತಾಣಗಳನ್ನು ನೀವು ನೋಡಿ, ಹೊಸದಿದ್ದರೆ ಮಾತ್ರ ಹೇಳಿ. ದಿನಾಂಕ ಮುಂದೆ ಹೋದರೆ ಮಕ್ಕಳು ಒಂದು ವಾರ ಪುಸ್ತಕ ಮುಟ್ಟುವುದಿಲ್ಲ, ಆಮೇಲೆ ರಾತ್ರಿಯಿಡೀ ಓದುತ್ತಾರೆ, ನಿದ್ದೆ ತಲೆಕೆಳಗಾಗುತ್ತದೆ. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ. ಊಟ ಆದ ಮೇಲಿನ ತೂಕಡಿಕೆಯ ಹೊತ್ತು. ವಾರಕ್ಕೆರಡು ಸಲ ಅದೇ ಸಮಯಕ್ಕೆ ಕೂತು ಪೂರ್ತಿ ಪತ್ರಿಕೆ ಬರೆಯಲಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕು. ಎರಡು ವಾರವಾದರೂ ಊಟ, ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. 'ನಾನು ಇರೋದೇ ಬೇಡ' ಎಂಬಂಥ ಮಾತು ಬಂದರೆ ಎರಡು ವಾರ ಕಾಯದೆ ಅವತ್ತೇ ತೋರಿಸಿ, ಅವಳನ್ನು ಒಬ್ಬಳೇ ಬಿಡಬೇಡಿ. ಟೆಲಿ-ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಅವಳ ಎದುರಿಗೆ ಸೀಟಿನ ರೇಟಿನ ಮಾತು ಆಡದಿದ್ದರೆ ಒಳ್ಳೆಯದು. 'ನನ್ನಿಂದ ಇಷ್ಟು ಖರ್ಚು' ಎಂಬ ಲೆಕ್ಕವನ್ನು ಈ ವಯಸ್ಸಿನವರು ಬಾಯಿಬಿಡದೆ ಹಾಕಿಕೊಳ್ಳುತ್ತಾರೆ.

ಇನ್ನು ಮೊಬೈಲ್. ಕಿತ್ತಿಟ್ಟುಕೊಳ್ಳಬೇಡಿ, ಬಳಸುವ ಹೊತ್ತನ್ನು ಅವಳ ಜೊತೆ ಕೂತು ಗೊತ್ತುಮಾಡಿ. ಅದಕ್ಕಿಂತ ಮೊದಲು, ಅರ್ಜಿಯಲ್ಲಿ ಯಾರ ನಂಬರ್, ಯಾವ ಇಮೇಲ್ ಇದೆ ನೋಡಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದ್ದರೆ ಅಲ್ಲಿನವರು ಬೇಗ ಮುಗಿಯಲೆಂದು ತಮ್ಮದೇ ನಂಬರ್ ಹಾಕಿರುತ್ತಾರೆ. ಒಟಿಪಿ, ಪಾಸ್‌ವರ್ಡ್ ಅವರ ಫೋನಿಗೆ ಹೋಗುತ್ತದೆ, ಕಾಲೇಜು, ಕೋರ್ಸುಗಳ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ ಅಂಗಡಿ ಮುಚ್ಚಿರುತ್ತದೆ. ತಿದ್ದುಪಡಿಗೆ ಅವಕಾಶ ತೆರೆದ ದಿನವೇ ನಿಮ್ಮ ನಂಬರ್‌ಗೆ ಬದಲಾಯಿಸಿ, ಪಾಸ್‌ವರ್ಡ್ ಹೊಸದು ಮಾಡಿ, ಆ ಸಿಮ್ ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಿ.