ಸ್ನಾರ್ಕೆಲಿಂಗ್ ಮಾಸ್ಕ್: ನೀರು ನುಗ್ಗುವುದು, ಮಂಜು ಕಟ್ಟುವುದು
ಪಟ್ಟಿ ಎಷ್ಟು ಬಿಗಿ ಮಾಡಿದರೂ ಮಾಸ್ಕ್ ಒಳಗೆ ನೀರು ಬರುತ್ತೆ, ಗಾಜು ಮಂಜಾಗುತ್ತೆ, ವಾರಾಂತ್ಯಕ್ಕೆ ಗೆಳೆಯರ ಜೊತೆ ಸ್ನಾರ್ಕೆಲಿಂಗ್‌ಗೆ (ಮುಖ ನೀರಲ್ಲಿಟ್ಟು, ಕೊಳವೆಯಿಂದ ಉಸಿರಾಡುತ್ತಾ ತೇಲೋದು) ಹೊರಟಿದ್ದೀನಿ, ಏನು ಮಾಡಲಿ ಅಂತ ಕೇಳಿದ್ದೀರಿ. ಅತಿಯಾದ ಬಿಗಿಯೇ ತೊಂದರೆ ಇರಬಹುದು. ಪಟ್ಟಿ ಜಗ್ಗಿದಷ್ಟೂ ಸಿಲಿಕೋನ್ ಅಂಚು ಮಡಚಿಕೊಂಡು ಸಂದು ಬಿಡುತ್ತೆ.

ಮೊದಲು ಅಳತೆ ನೋಡಿ. ಪಟ್ಟಿ ಹಾಕದೆ ಮಾಸ್ಕ್ ಮುಖಕ್ಕಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬಿದ್ದರೆ ಅದು ನಿಮ್ಮ ಮುಖಕ್ಕೆ ಹೊಂದಲ್ಲ, ಬದಲಾಯಿಸಿ. ನಿಂತರೆ, ಅಂಚಿನಡಿ ಕೂದಲು ಸಿಕ್ಕಿದೆಯಾ ನೋಡಿ. ಒಂದೆಳೆ ಸಾಕು ನೀರು ಜಿನುಗೋಕೆ. ಮೀಸೆ ಇದ್ದರೆ ಮೂಗಿನ ಕೆಳಗೆ ತೆಳ್ಳಗೆ ಒಂದು ಗೆರೆ ಬೋಳಿಸಿ.

ಹೊಸ ಗಾಜಿನ ಮೇಲೆ ತಯಾರಿಕೆಯ ಜಿಡ್ಡು ಇರುತ್ತೆ, ಮಂಜು ಹಿಡಿಯೋದು ಅದಕ್ಕೇ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಮೈಯನ್ನು ಬೆರಳಿಂದ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಪ್ಲಾಸ್ಟಿಕ್ ಲೆನ್ಸ್ ಆದರೆ ಬೇಡ, ಗೀರು ಬೀಳುತ್ತೆ. ನೀರಿಗಿಳಿಯೋ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ಅದ್ದಿ ತೆಗೆಯಿರಿ.

ಆದರೂ ಸ್ವಲ್ಪ ನೀರು ಬಂದರೆ ಗಾಬರಿ ಬೇಡ. ತಲೆ ಮೇಲೆತ್ತಿ, ಕೆಳಗಿನ ಅಂಚನ್ನು ತುಸು ಎಳೆದರೆ ಸುರಿದುಹೋಗುತ್ತೆ. ಕೊಳವೆಗೆ ನುಗ್ಗಿದರೆ ಒಂದೇ ಸಲ ಜೋರಾಗಿ ಊದಿ, ಆಮೇಲಿನ ಉಸಿರನ್ನು ನಿಧಾನಕ್ಕೆ ಎಳೆಯಿರಿ. ಇದನ್ನು ಎದೆಮಟ್ಟದ ನೀರಲ್ಲಿ ಎಲ್ಲರೂ ಅಭ್ಯಾಸ ಮಾಡಿಯೇ ಮುಂದೆ ಹೋಗಿ. ದಯವಿಟ್ಟು ಇಬ್ಬಿಬ್ಬರಾಗಿಯೇ ಇರಿ. ಮುಖ ಕೆಳಗೆ ಹಾಕಿ ತೇಲುವವರು ಕಷ್ಟದಲ್ಲಿದ್ದಾರೋ ಇಲ್ಲವೋ ದೂರದಿಂದ ಗೊತ್ತಾಗಲ್ಲ.